ಹದಿಮೂರನೆಯ ತಿಂಗಳ ಎರಕ

ನನ್ನ ಭಾವನನ್ನು ಬೀದಿಯವರೆಲ್ಲ ಜಡ್ಜ್ ಎಂದು ಕರೆಯುತ್ತಿದ್ದರು. ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ, ಏಳನೇ ಕ್ಲಾಸಿನ ಆಚೆಗೆ ಓದಿದವರೂ ಅಲ್ಲ. ಅವರದು ಗುಜರಿ ಅಂಗಡಿ. ಹಳೆಯ ಕಾರುಗಳ ಎಂಜಿನ್ನು, ಗೇರ್‌ಬಾಕ್ಸು, ಆಕ್ಸಲ್ಲುಗಳನ್ನು ಸೂರು ಮುಟ್ಟುವಷ್ಟು ಪೇರಿಸಿದ ಒಂದು ತಗಡಿನ ಶೆಡ್ಡು, ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ಅಂಗಳ. ಯಾರದಾದರೂ ಹಳೆಯ ಕಾರಿನಲ್ಲಿ ಕೂತಿರುವ ಎಂಜಿನ್ನು ಆ ಕಾರಿನ ಜೊತೆಗೇ ಹುಟ್ಟಿದ್ದೋ, ಆಮೇಲೆ ತಂದು ಕೂರಿಸಿದ್ದೋ ಎಂದು ಜಗಳ ಎದ್ದರೆ ತೀರ್ಪು ಕೊಡುವವರು ಇವರು. ಎಂಜಿನ್ನಿನ ಪಕ್ಕೆಯ ಮೇಲೆ ಹೆಬ್ಬೆರಳು ಸವರಿ ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದರು. ಅವರು ಹೇಳಿದ ಮೇಲೆ ಮುಗಿಯಿತು, ಅದರ ಮೇಲೆ ಅಪೀಲು ಇರಲಿಲ್ಲ.

ಭಾವ ಎಂದರೆ ನನ್ನ ಗಂಡನ ಅಣ್ಣ. ನನ್ನ ಗಂಡನನ್ನು ಮೂವತ್ತು ಜನರ ಎದುರಿಗೆ ಕಳ್ಳ ಎಂದವರೂ ಇವರೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿರಿಯರು, ದೊಡ್ಡವರು ಎಂದು ನಾಲಿಗೆಗೆ ಬೆಲ್ಲ ಸವರಿಕೊಂಡು ಮಾತಾಡುವ ಅಭ್ಯಾಸ ನನಗಿಲ್ಲ.

ಹದಿನಾಲ್ಕು ವರ್ಷ ಅವರ ಅಂಗಡಿಯಲ್ಲಿ ಕಬ್ಬಿಣ ತೊಳೆದಿದ್ದೇನೆ. ಎಂಜಿನ್ನಿನ ಬ್ಲಾಕು ಎಂದರೆ ಒಂದೇ ಎರಕದಲ್ಲಿ ಹೊಯ್ದ ಕಬ್ಬಿಣದ ದಿಮ್ಮಿ. ಫೌಂಡ್ರಿಯವರು ಮರಳಿನ ಅಚ್ಚಿನಲ್ಲೇ ಕೆಲವು ಅಕ್ಷರ, ಅಂಕಿಗಳನ್ನು ಮೂಡಿಸಿರುತ್ತಾರೆ. ಕಬ್ಬಿಣ ಆರಿದ ಮೇಲೆ ಅವು ಪಕ್ಕೆಯ ಮೇಲೆ ಉಬ್ಬಿ ನಿಲ್ಲುತ್ತವೆ. ಮೇಲಿನ ಸಾಲಿನಲ್ಲಿ ಅಚ್ಚಿನ ನಂಬರು, ಕೆಳಗಿನ ಸಾಲಿನಲ್ಲಿ ಎರಕ ಹೊಯ್ದ ದಿನ. ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ತಾರೀಖು, ಕೊನೆಗೆ ಇಸವಿಯ ಕಡೆಯ ಅಂಕಿ. ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ, ಹೀಗೆ. ಇವಲ್ಲದೆ ಕಾರಿನ ಕಂಪನಿಯವರು ಸುತ್ತಿಗೆಯಿಂದ ಹೊಡೆದ ನಂಬರೂ ಒಂದಿರುತ್ತದೆ. ಅದನ್ನು ಅರ ಹಾಕಿ ಉಜ್ಜಿ ಬೇರೆ ಹೊಡೆಯಬಹುದು. “ಹೊಡೆದದ್ದು ಹಚ್ಚೆ, ಎರಕದ್ದು ಮಚ್ಚೆ” ಎನ್ನುತ್ತಿದ್ದರು ಭಾವ. “ಹಚ್ಚೆ ಯಾರು ಬೇಕಾದ್ರೂ ಹಾಕಿಸ್ಕೋಬಹುದು. ಮಚ್ಚೆ ಹುಟ್ಟುವಾಗಲೇ ಬರಬೇಕು.”

ನನ್ನ ಕೆಲಸ ಆ ಮಚ್ಚೆಯನ್ನು ಹುಡುಕುವುದು. ಸೀಮೆಎಣ್ಣೆ ಸುರಿದು, ತಂತಿ ಬ್ರಷ್ಷಿನಿಂದ ಮೂವತ್ತು ನಲವತ್ತು ವರ್ಷದ ಜಿಡ್ಡು ಕಿತ್ತು, ಬಟ್ಟೆಯಿಂದ ಒರೆಸಿ, ಸೀಮೆಸುಣ್ಣವನ್ನು ಅಡ್ಡಕ್ಕೆ ಹಿಡಿದು ಉಜ್ಜಿದರೆ ಉಬ್ಬಿದ ಕಡೆ ಮಾತ್ರ ಬಿಳಿ ಹತ್ತುತ್ತದೆ. ಕಂಡದ್ದನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಭಾವ ಬಂದು ಹೆಬ್ಬೆರಳಿನಲ್ಲಿ ನೋಡಿ, ನಾನು ಬರೆದದ್ದು ತಪ್ಪಿದ್ದರೆ ಕೈಯಲ್ಲಿದ್ದ ಸ್ಪ್ಯಾನರಿನಿಂದ ನನ್ನ ಬೆರಳ ಗೆಣ್ಣಿಗೆ ಒಂದು ಕೊಡುತ್ತಿದ್ದರು. ಜೋರಾಗಿ ಅಲ್ಲ. ಮೂರನ್ನು ಎಂಟು ಎಂದು ಓದಿದರೆ ಎರಡು ಏಟು, ಏಕೆಂದರೆ ಅದು ಎಲ್ಲರೂ ಮಾಡುವ ತಪ್ಪು, ಎಲ್ಲರೂ ಮಾಡುವ ತಪ್ಪನ್ನು ಅವರ ಅಂಗಡಿಯಲ್ಲಿ ಮಾಡಬಾರದು. ಮೊದಲ ವರ್ಷದ ಕೊನೆಗೆ ನನ್ನ ಗೆಣ್ಣುಗಳಿಗೆ ಏಟು ಬೀಳುವುದು ನಿಂತಿತು.

ಬಂದವರ ಮುಖ ನೋಡಿ ಮಾತಾಡುವುದು ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಿತ್ತು, ಬೇಕೆಂದೇ ಮಾಡುತ್ತಿರಲಿಲ್ಲ ಎಂದರೇ ಸರಿ. ಒಮ್ಮೆ ಒಬ್ಬ ಹೆಂಗಸು ತೀರಿಹೋದ ಗಂಡನ ಕಾರನ್ನು ತಂದಿದ್ದರು. ಗಂಡ ಅದನ್ನು ಮುಟ್ಟಲೂ ಯಾರಿಗೂ ಬಿಡುತ್ತಿರಲಿಲ್ಲವಂತೆ, ಒಂದು ನಟ್ಟೂ ಬದಲಾಗಿಲ್ಲವಂತೆ. ಭಾವ ಬಾನೆಟ್ಟಿನೊಳಗೆ ಕೈ ಇಟ್ಟು ಬ್ಲಾಕು ಒಂದು ಕಾರಿನದು, ಹೆಡ್ಡು ಇನ್ನೊಂದರದು, ಗೇರ್‌ಬಾಕ್ಸು ಮೂರನೆಯದರದು ಎಂದು ಎಣಿಸಿದರು. ಎಣಿಸಿ, “ನಿಮ್ಮ ಯಜಮಾನರು ಬದಲಾಯಿಸದೆ ಇದ್ದದ್ದು ಹೆಂಡತಿ ಒಬ್ಬರನ್ನೇ ಅಂತ ಕಾಣುತ್ತೆ” ಎಂದರು. ಅಂಗಳದಲ್ಲಿದ್ದ ಗಂಡಸರೆಲ್ಲ ಹೋ ಎಂದು ನಕ್ಕರು. ಆ ಹೆಂಗಸು ಕಾರಿಗೆ ಹೊದಿಸುವ ಬಟ್ಟೆಯನ್ನು ಮಡಚಿ ಎದೆಗೆ ಅವುಚಿಕೊಂಡು ನಿಂತಿದ್ದರು, ಪಾಪ. ನಾನೂ ನಕ್ಕಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಅಣ್ಣನಿಗೆ ನಾಲಿಗೆ, ತಮ್ಮನಿಗೆ ಕೈ. ನನ್ನ ಗಂಡ ಎಂಜಿನ್ ಬಿಚ್ಚಿ ಕಟ್ಟುವ ಮೆಕ್ಯಾನಿಕ್. ಪಕ್ಕದ ಬೀದಿಯಲ್ಲಿ ಅವರದೇ ಒಂದು ಸಣ್ಣ ಗ್ಯಾರೇಜಿತ್ತು. ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅದರಲ್ಲಿ ಆರು ಎಂಜಿನ್ನಿನ ಜೊತೆ. ಅಣ್ಣ ಕೂತಿದ್ದರೆ ಎದುರಿಗೆ ಕೂರುವವರಲ್ಲ. ಅವರಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಎರಡೇ: ಕಟ್ಟಿದ ಎಂಜಿನ್ನು ಮೊದಲ ಸಲಕ್ಕೇ ಹತ್ತಬೇಕು, ಸಂಜೆ ಟೀ ಅಂಗಡಿಯ ಬೆಂಚಿನ ಮೇಲೆ ಗ್ಯಾರೇಜಿನವರ ನಡುವೆ ಅರ್ಧ ಗಂಟೆ ಬಾಯಿ ಮುಚ್ಚಿಕೊಂಡು ಕೂರಬೇಕು.

ಒಬ್ಬ ಮಿಲ್ಲಿನ ಸಾಹುಕಾರರು ತಮ್ಮ ಅಪ್ಪನ ಕಾಲದ ಕಾರನ್ನು ನನ್ನ ಗಂಡನಿಗೆ ಒಪ್ಪಿಸಿದ್ದರು. ಎರಡು ವರ್ಷದ ಕೆಲಸ. ಎಂಜಿನ್ನನ್ನು ಪೂರ್ತಿ ಬಿಚ್ಚಿ, ಒಂದೊಂದು ಭಾಗವನ್ನೂ ಮಗುವಿಗೆ ನೀರು ಹಾಕಿದಂತೆ ತೊಳೆದು ಕಟ್ಟಿದರು. ಕಾರು ಗುಡುಗುಡು ಎಂದು ಓಡಿತು. ಆಗ ಸಾಹುಕಾರರಿಗೆ ಅದನ್ನು ಮಾರುವ ಮನಸ್ಸಾಯಿತು. ಕೊಳ್ಳುವವನು ಹಳೆಯ ಕಾರುಗಳ ಹುಚ್ಚಿನವನು, ಎಂಜಿನ್ನು ಹುಟ್ಟಿನಿಂದ ಇದೇ ಕಾರಿನದು ಎಂದಾದರೆ ಮಾತ್ರ ತೆಗೆದುಕೊಳ್ಳುತ್ತೇನೆ ಎಂದ. ಹೊಡೆದ ನಂಬರು ಇರಲಿಲ್ಲ. ಸಾಹುಕಾರರ ಅಪ್ಪನ ಕಾಲದಲ್ಲೇ ಮಿಸ್ತ್ರಿಯನ್ನು ಶೆಡ್ಡಿಗೇ ಕರೆಸಿ ಬ್ಲಾಕಿನ ಮೇಲ್ಮುಖವನ್ನು ಹೆರೆಸಿದ್ದಾಗ ಅದೂ ಹೆರೆದು ಹೋಗಿತ್ತು. ಉಳಿದದ್ದು ಎರಕದ ಸಾಲು ಒಂದೇ. ಸರಿ, ಜಡ್ಜ್‌ನ ಕರೆಸಿ ಎಂದರು.

ಗ್ಯಾರೇಜ್ ಸಂಘದ ಕಟ್ಟಡದ ಮುಂದೆ ಕಾರು ನಿಲ್ಲಿಸಿದ್ದರು. ಮೂವತ್ತು ಜನ ಸೇರಿದ್ದರು. ನಾನೇ ಒರೆಸಿದೆ, ನಾನೇ ಸೀಮೆಸುಣ್ಣ ಉಜ್ಜಿದೆ. ಜೆ, ಹದಿನಾಲ್ಕು, ಏಳು. ಕಾರಿನ ತಗಡಿನ ಫಲಕದಲ್ಲಿ ಕಾರು ತಯಾರಾದ ದಿನ ಇತ್ತು: ಅದೇ ಇಸವಿಯ ಸೆಪ್ಟೆಂಬರ್ ಇಪ್ಪತ್ತೇಳು. ಭಾವ ಹೆಬ್ಬೆರಳು ಸವರಿದರು. ಎಡಗೈ ಬೆರಳುಗಳ ಗೆರೆ ಮುಟ್ಟುತ್ತಾ ಎಣಿಸಿದರು. ಎ, ಬಿ, ಸಿ, ಡಿ. ಎಚ್ ಎಂಟು, ಐ ಒಂಬತ್ತು, ಜೆ ಹತ್ತು.

“ಜೆ ಅಂದ್ರೆ ಅಕ್ಟೋಬರ್” ಎಂದರು ಭಾವ. “ಕಾರು ಸೆಪ್ಟೆಂಬರ್‌ನಲ್ಲಿ ಹುಟ್ಟಿದೆ, ಎಂಜಿನ್ನು ಅಕ್ಟೋಬರ್‌ನಲ್ಲಿ ಹುಟ್ಟಿದೆ. ಮಗು ಹುಟ್ಟಿ ಹದಿನೇಳು ದಿನ ಆದ್ಮೇಲೆ ಅದಕ್ಕೆ ಎದೆಗುಂಡಿಗೆ ಬಂತಾ? ಇದು ಈ ಕಾರಿನ ಎಂಜಿನ್ ಅಲ್ಲ. ಯಾರೋ ಬದಲಾಯಿಸಿದಾರೆ.”

“ನಮ್ಮ ಅಪ್ಪನ ಕಾಲದಿಂದ ಶೆಡ್ಡು ಬಿಟ್ಟು ಹೋಗಿಲ್ಲ ಈ ಕಾರು” ಎಂದರು ಸಾಹುಕಾರರು. “ಹೋಗಿದ್ದು ನಿಮ್ಮ ತಮ್ಮನ ಹತ್ತಿರ ಒಂದೇ ಕಡೆ.”

“ಹಾಗಾದ್ರೆ ಬದಲಾಯಿಸಿದ್ದು ನನ್ನ ತಮ್ಮನೇ” ಎಂದರು ಭಾವ.

ಒಂದು ಉಸಿರು ಕೂಡ ತಡೆಯಲಿಲ್ಲ ಮಹರಾಯ! ಪಕ್ಕಕ್ಕೆ ಕರೆದು ಏನೋ ಹೀಗಾಯಿತಲ್ಲ ಎಂದು ಕೇಳಬಹುದಿತ್ತು. ನಾಳೆ ಹೇಳುತ್ತೇನೆ ಎನ್ನಬಹುದಿತ್ತು. ನನ್ನ ಗಂಡ ಅಲ್ಲೇ, ರೇಡಿಯೇಟರಿನ ಪಕ್ಕದಲ್ಲಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತಿದ್ದರು. “ಅಣ್ಣಾ, ನಾನು ಬದಲಾಯಿಸಿಲ್ಲ” ಎಂದರು. “ಕಬ್ಬಿಣ ಹೇಳ್ತಿದೆಯಲ್ಲೋ” ಎಂದರು ಭಾವ. ಅಷ್ಟೇ. ಸುತ್ತ ನಿಂತವರ ಮುಖದಲ್ಲಿ ಜಡ್ಜ್ ಎಂದರೆ ಜಡ್ಜಪ್ಪಾ, ಸ್ವಂತ ತಮ್ಮನನ್ನೂ ಬಿಡಲಿಲ್ಲ ಎನ್ನುವ ಬೆರಗು. ಭಾವ ಅದನ್ನು ನೋಡಿದರು, ಅವರ ಬೆನ್ನು ಒಂದು ಅಂಗುಲ ನೆಟ್ಟಗಾಯಿತು. ಆ ಒಂದು ಅಂಗುಲವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಸಂಘ ನನ್ನ ಗಂಡನ ಹೆಸರು ಹೊಡೆದುಹಾಕಿತು. ಸಂಘದ ಬಾಗಿಲೊಳಗೆ ಕಾಲಿಡಬಾರದು, ಅವರಿಗೆ ಯಾರೂ ಕೆಲಸ ಕೊಡಬಾರದು ಎಂದಾಯಿತು. ಅಸಲಿ ಎಂಜಿನ್ನನ್ನು ಯಾರಿಗೆ ಮಾರಿದೆ ಎಂದು ಪೊಲೀಸರು ಎರಡು ದಿನ ಕೂರಿಸಿ ಕೇಳಿದರು. ಇಲ್ಲದ ಎಂಜಿನ್ನನ್ನು ಅವರು ಎಲ್ಲಿಂದ ತೋರಿಸಬೇಕು? ಮೂರನೆಯ ದಿನ ಬಿಟ್ಟರು. ಎಡಗಿವಿ ಆವತ್ತಿನಿಂದ ಸರಿಯಾಗಿ ಕೇಳಿಸುವುದಿಲ್ಲ. ಗ್ಯಾರೇಜು ಮುಚ್ಚಿತು. ಎಂಜಿನ್ನಿನ ಸದ್ದು ಕೇಳಿಯೇ ಯಾವ ವಾಲ್ವ್ ಸಡಿಲ ಎಂದು ಹೇಳುತ್ತಿದ್ದ ಮನುಷ್ಯ ಗುಜರಿ ತೂಗುವ ಯಾರ್ಡಿನಲ್ಲಿ ಕಬ್ಬಿಣ ಹೊರುವ ಕೆಲಸಕ್ಕೆ ಸೇರಿದರು. ಟೀ ಅಂಗಡಿಯ ಕಡೆ ಮುಖ ಹಾಕಲಿಲ್ಲ. ಮೊದಲ ವಾರ ಒಮ್ಮೆ ಹೋಗಿದ್ದರಂತೆ, ಬೆಂಚಿನ ಮೇಲೆ ಕೂತವರೆಲ್ಲ ಎದ್ದು ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡರಂತೆ. ತಮಾಷೆಗೆ.

ನೀನು ಆಮೇಲೂ ಆ ಭಾವನ ಅಂಗಡಿಗೆ ಹೇಗೆ ಹೋದೆ ಎಂದು ಕೇಳುವವರಿದ್ದಾರೆ. ಹೊಟ್ಟೆ ಕೇಳಬೇಕಲ್ಲ! ಮಾರನೆಯ ದಿನವೇ ಹೇಳಿಕಳಿಸಿದ್ದರು: “ತಪ್ಪು ಮಾಡಿದವನು ಅವನು. ನೀನು ಕೆಲಸಕ್ಕೆ ಬಾ.” ಹೋದೆ. ಹಲ್ಲು ಕಚ್ಚಿಕೊಂಡು ಹೋದೆ. ಸೀಮೆಎಣ್ಣೆಯ ತೊಟ್ಟಿಯಲ್ಲಿ ಕೈ ಅದ್ದಿದಾಗಲೆಲ್ಲ ಒಂದೇ ಯೋಚನೆ: ನನ್ನ ಗಂಡ ಬದಲಾಯಿಸಿಲ್ಲ. ಕಬ್ಬಿಣ ಸುಳ್ಳು ಹೇಳುವುದಿಲ್ಲ. ಹಾಗಾದರೆ ತಪ್ಪಿದ್ದು ಎಲ್ಲಿ?

ಅದಕ್ಕೇ ಹಳೆಯ ರಿಜಿಸ್ಟರುಗಳನ್ನು ತೆಗೆದೆ. ಅಷ್ಟೂ ವರ್ಷ ನಾನೇ ಬರೆದದ್ದು. ಸಾಹುಕಾರರ ಕಾರಿನ ಬ್ಲಾಕು ಹೊಯ್ದ ಫೌಂಡ್ರಿಯ ಎರಕಗಳನ್ನು ಮಾತ್ರ ಬೆರಳಿಟ್ಟು ನೋಡುತ್ತಾ ಹೋದೆ. ಎ ಇತ್ತು, ಬಿ ಇತ್ತು, ಜಿ, ಎಚ್, ಜೆ, ಕೆ, ಎಲ್ ಎಲ್ಲ ಇದ್ದವು. ಐ ಮಾತ್ರ ಇರಲಿಲ್ಲ. ಒಂದೂ ಇರಲಿಲ್ಲ. ಮುನ್ನೂರು ಚಿಲ್ಲರೆ ಬ್ಲಾಕುಗಳಲ್ಲಿ ಒಂದಾದರೂ ಐ ಬೇಡವೇ? ಹಾಗಾದರೆ ಆ ಫೌಂಡ್ರಿ ಒಂಬತ್ತನೇ ತಿಂಗಳು ಪೂರ್ತಿ ಬಾಗಿಲು ಹಾಕುತ್ತಿತ್ತೇ? ಆಮೇಲೆ ಸೀಮೆಸುಣ್ಣದಲ್ಲಿ ನೆಲದ ಮೇಲೆ ಒಂದು ಐ ಬರೆದೆ. ನೆಟ್ಟಗಿನ ಒಂದು ಗೀಟು. ಪಕ್ಕದಲ್ಲಿ ಒಂದು ಎಂಬ ಅಂಕಿ ಬರೆದೆ. ಅದೂ ನೆಟ್ಟಗಿನ ಗೀಟೇ. ಅಕ್ಷರ ಯಾವುದು, ಅಂಕಿ ಯಾವುದು ಎಂದು ಗೊಂದಲವಾಗಬಾರದೆಂದು ಆ ಫೌಂಡ್ರಿಯವರು ಐಯನ್ನೇ ಬಿಟ್ಟಿದ್ದರು. ಎಚ್ ಆದಮೇಲೆ ನೇರ ಜೆ. ಜೆ ಹತ್ತನೆಯದಲ್ಲ, ಒಂಬತ್ತನೆಯದು. ಬ್ಲಾಕು ಹೊಯ್ದದ್ದು ಸೆಪ್ಟೆಂಬರ್ ಹದಿನಾಲ್ಕಕ್ಕೆ, ಕಾರು ಹೊರಬಿದ್ದದ್ದು ಇಪ್ಪತ್ತೇಳಕ್ಕೆ.

ಭಾವನಿಗೆ ಇದು ತಿಳಿಯದೆ ಇದ್ದದ್ದು ಹೇಗೆ? ತಿಂಗಳನ್ನು ಯಾರೂ ಕೇಳುತ್ತಲೇ ಇರಲಿಲ್ಲ, ಅದೇ ಕಾರಣ. ಅಚ್ಚಿನ ನಂಬರು, ಇಸವಿ ಸರಿಹೋದರೆ ಜನಕ್ಕೆ ಸಾಕಿತ್ತು. ತಿಂಗಳ ಮೇಲೆ ಒಬ್ಬನ ಮಾನ ನಿಂತದ್ದು ಅದೊಂದೇ ಸಲ. ಬೆರಳ ಗೆರೆಯ ಮೇಲೆ ಎಣಿಸುವಾಗ ಅವರು ಇಂಗ್ಲಿಷ್ ಅಕ್ಷರಮಾಲೆಯನ್ನು ಎಣಿಸಿದರು, ಕಬ್ಬಿಣವನ್ನು ಎಣಿಸಲಿಲ್ಲ.

ಆದರೆ ಇಲ್ಲದ ಐಯನ್ನು ಯಾರಿಗೆ ಹೇಗೆ ತೋರಿಸಲಿ? ಇರುವುದು ಏನಾದರೂ ಬೇಕಿತ್ತು. ಐ ಬಿಟ್ಟರೆ ಡಿಸೆಂಬರಿಗೆ ಬರುವ ಅಕ್ಷರ ಎಂ. ಅಕ್ಷರಮಾಲೆಯಲ್ಲಿ ಅದು ಹದಿಮೂರನೆಯದು. ಎಂ ಇರುವ ಒಂದೇ ಒಂದು ಬ್ಲಾಕು ಸಿಕ್ಕರೂ ಸಾಕು. ಹದಿಮೂರು ತಿಂಗಳ ವರ್ಷ ಯಾರ ಮನೆಯ ಗೋಡೆಯ ಮೇಲೂ ಇಲ್ಲವಲ್ಲ. ಡಿಸೆಂಬರಿನಲ್ಲಿ ಆ ಫೌಂಡ್ರಿ ಎರಕ ಹೊಯ್ಯುತ್ತಿದ್ದದ್ದೇ ಕಡಿಮೆ ಎಂದು ಕಾಣುತ್ತದೆ. ಏಳು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.

ಸಿಕ್ಕಿತು. ಗುಜರಿಯ ಒಂದು ಲೋಡಿನಲ್ಲಿ, ಸೀಳುಬಿಟ್ಟ ಒಂದು ಬ್ಲಾಕು. ಸೀಮೆಸುಣ್ಣ ಉಜ್ಜಿದೆ. ಎಂ, ಮೂರು, ಎಂಟು. ರಿಜಿಸ್ಟರಿನಲ್ಲಿ ಬರೆದೆ. ಅಳು, ನಗು ಎರಡೂ ಒಟ್ಟಿಗೆ ಬಂತು. ಹೋಗಿ ಭಾವನನ್ನು ಕರೆದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಸುತ್ತಿಗೆಯಲ್ಲಿ ಹೊಡೆದುಕೊಳ್ಳಬೇಕು ಎನಿಸುತ್ತದೆ.

“ಭಾವ, ಇದನ್ನ ಓದಿ” ಎಂದೆ.

ಹೆಬ್ಬೆರಳು ಸವರಿದರು. ಇನ್ನೊಮ್ಮೆ ಸವರಿದರು.

“ಎಂ” ಎಂದೆ. “ಎಡಗೈ ಗೆರೆ ಮೇಲೆ ಎಣಿಸಿ. ಎಷ್ಟನೇ ತಿಂಗಳು ಬರುತ್ತೆ?”

ಅವರು ಎಣಿಸಲಿಲ್ಲ. ಎಣಿಸುವ ಅಗತ್ಯವಿರಲಿಲ್ಲ, ಮುಖದ ರಕ್ತ ಇಳಿದುಹೋಗಿತ್ತು. “ಊಟಕ್ಕೆ ಹೋಗಿ ಬಾ” ಎಂದರು. ಇವತ್ತು ಒಪ್ಪಿಕೊಳ್ಳುತ್ತಾರೆ, ಒಬ್ಬರೇ ಇದ್ದು ಮನಸ್ಸು ಗಟ್ಟಿ ಮಾಡಿಕೊಳ್ಳಲಿ ಎಂದು ನಾನು ಹೋದೆ. ಅರ್ಧ ಗಂಟೆ. ತಿರುಗಿ ಬರುವಾಗ ಬೀದಿಯ ತುದಿಗೇ ಗ್ರೈಂಡರಿನ ಸದ್ದು ಕೇಳಿಸಿತು. ಓಡಿದೆ. ಬ್ಲಾಕಿನ ಪಕ್ಕೆ ಹೊಸ ತಟ್ಟೆಯಂತೆ ಬೆಳ್ಳಗೆ ಹೊಳೆಯುತ್ತಿತ್ತು.

“ಅದು ಎಲ್ ಆಗಿತ್ತು” ಎಂದರು ಭಾವ, ನನ್ನ ಮುಖ ನೋಡದೆ. “ಅಚ್ಚಿನ ಮರಳು ಒಡೆದಿತ್ತು, ಅದಕ್ಕೆ ಹಾಗೆ ಕಾಣಿಸ್ತು.”

“ಎಲ್‌ಗೆ ನಾಲ್ಕು ಗೀಟು ಬರುತ್ತಾ ಭಾವ? ಅವರು ನಿಮ್ಮ ಒಡಹುಟ್ಟಿದವರಲ್ವಾ? ಒಂದು ಮಾತು! ಒಂದು ಮಾತು ಹೇಳೋಕೆ ನಿಮಗೇನು ದಾಡಿ?”

“ನಾನು ಹೇಳಿದ್ದು ಒಂದು ಸಲ ತಪ್ಪು ಅಂತಾದ್ರೆ, ಮೂವತ್ತು ವರ್ಷ ಹೇಳಿದ್ದೆಲ್ಲ ತಪ್ಪು ಅಂತಾರೆ ಜನ” ಎಂದರು ಭಾವ. “ಅವನಿಗೆ ಹೊರೋ ಕೆಲಸ ಸಿಕ್ಕಿದೆಯಲ್ಲ. ಬದುಕ್ತಾನೆ.”

ಸಂಜೆಯೊಳಗೆ ಆ ಬ್ಲಾಕು ಕರಗಿಸುವವರ ಲಾರಿ ಹತ್ತಿತು. ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಸಂಘದ ಅಧ್ಯಕ್ಷರ ಹತ್ತಿರ ಹೋದೆ. ಅವರು ಹಾಳೆ ನೋಡಿ, “ಬರೆದಿರೋ ಅಕ್ಷರ ಯಾರದಮ್ಮ?” ಎಂದರು. ನನ್ನದು ಎಂದೆ. “ಕಳ್ಳನ ಹೆಂಡತಿ ಬರೆದಿದ್ದಾಳೆ, ಕಳ್ಳ ಕಳ್ಳನಲ್ಲ ಅಂತ. ಚೆನ್ನಾಗಿದೆ” ಎಂದು ರಿಜಿಸ್ಟರು ಮುಚ್ಚಿ ಕೈಗೆ ಕೊಟ್ಟರು. ಇಂಥದ್ದೇ ಇನ್ನೊಂದು ಬ್ಲಾಕು ಮತ್ತೆ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ವರ್ಷವೇ ಭಾವನಿಗೆ ಸಕ್ಕರೆ ಕಾಯಿಲೆ ಜೋರಾಯಿತು. ಕಾಲಿನಿಂದ ಶುರುವಾದ ಜೋಮು ಕೈಬೆರಳಿಗೆ ಬಂತು. ಬಿಸಿ ಲೋಟ ಹಿಡಿದು ಬೊಬ್ಬೆ ಎದ್ದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಕಣ್ಣೂ ಮಂಜು. ಒಂದು ದಿನ ಬ್ಲಾಕಿನ ಮೇಲೆ ಹೆಬ್ಬೆರಳು ಇಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ನಿಂತರು. ಬೆರಳು ಅಕ್ಷರವನ್ನು ಬಿಟ್ಟು ನಾಲ್ಕು ಅಂಗುಲ ಆಚೆ ಇತ್ತು. ನಾನು ನೋಡಿದೆ. ನಾನು ನೋಡಿದ್ದು ಅವರಿಗೆ ತಿಳಿಯಿತು.

ಬಾಯಿ ಬಿಟ್ಟು ಯಾರೂ ಏನೂ ಹೇಳಲಿಲ್ಲ, ಆದರೆ ಒಂದು ಪದ್ಧತಿ ಹುಟ್ಟಿತು. ನಾನು ಸೀಮೆಸುಣ್ಣ ಉಜ್ಜುವಾಗ ಬಗ್ಗಿಕೊಂಡೇ ಪಿಸುಮಾತಿನಲ್ಲಿ ಸಾಲನ್ನು ಹೇಳುತ್ತಿದ್ದೆ. ಭಾವ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು, ಆಮೇಲೆ ಎಲ್ಲರಿಗೂ ಕಾಣುವಂತೆ ಹೆಬ್ಬೆರಳು ಸವರಿ ಗಟ್ಟಿಯಾಗಿ ತೀರ್ಪು ಹೇಳುತ್ತಿದ್ದರು. ಜಡ್ಜ್‌ಗೆ ವಯಸ್ಸಾದರೂ ಬೆರಳಿಗೆ ವಯಸ್ಸಾಗಿಲ್ಲ ಎಂದು ಜನ ಹೊಗಳುತ್ತಿದ್ದರು. ಒಂದು ವರ್ಷಕ್ಕೂ ಹೆಚ್ಚು ನಾನು ಅವರ ಬೆರಳಾಗಿದ್ದೆ. ಮನೆಗೆ ಬಂದರೆ ನನ್ನ ಗಂಡ ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಬೋರಲು ಮಲಗಿರುತ್ತಿದ್ದರು. ಭುಜದ ಮೇಲೆ ಕಬ್ಬಿಣದ ಅಂಚು ಒತ್ತಿ ಒತ್ತಿ ಚರ್ಮ ಎತ್ತಿನದರಂತೆ ಆಗಿತ್ತು. “ಅಣ್ಣನ ಬೆರಳು ಹೇಗಿದೆ?” ಎಂದು ಕೇಳುತ್ತಿದ್ದರು! ಎಂಥ ಮನುಷ್ಯ ನೋಡಿ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ಶಾಲೆಯೊಂದರ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆಯಿತು. ನಲವತ್ತು ಕಾರು, ಇನ್ನೂರು ಮುನ್ನೂರು ಜನ. ಭಾವನಿಗೆ ಹೊಸ ಅಂಗಿ, ಕುರ್ಚಿ, ಎದೆಯ ಮೇಲೆ ಒಂದು ಬಿಲ್ಲೆ. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಕಾರನ್ನು ತೋರಿಸಲು ಕಾದಿದ್ದರು. ನಾನು ಬಗ್ಗಿ ಉಜ್ಜಿದೆ. ಕೊನೆಯ ಅಂಕಿ ಮೂರು. ಚೊಕ್ಕವಾದ, ಬಾಯಿ ತೆರೆದ ಮೂರು, ಯಾವ ಗೊಂದಲವೂ ಇರಲಿಲ್ಲ. ಸಾಲು ಪೂರ್ತಿ ಹೇಳಿ ಕೊನೆಗೆ “ಎಂಟು” ಎಂದೆ. ಮೊದಲೇ ಯೋಚಿಸಿರಲಿಲ್ಲ. ಆ ಹೊತ್ತಿಗೆ ಬಾಯಿಗೆ ಬಂತು, ಬಂದದ್ದನ್ನು ನಾನು ತಡೆಯಲಿಲ್ಲ.

ಭಾವ ಹೆಬ್ಬೆರಳು ಸವರಿ ಎದ್ದು ನಿಂತರು. “ಇಸವಿ ಕೊನೆಗೆ ಎಂಟು. ಕಾರಿಗಿಂತ ಎಂಜಿನ್ನು ಐದು ವರ್ಷ ಚಿಕ್ಕದು. ಮೇಷ್ಟ್ರೇ, ಲೆಕ್ಕ ಮಕ್ಕಳಿಗೆ ಕಲಿಸಿದ್ರಿ, ನೀವು ಕಲೀಲಿಲ್ಲ” ಎಂದರು.

ಮೇಷ್ಟ್ರು ನಗಲಿಲ್ಲ. ಕಾರಿನಿಂದ ಟಾರ್ಚು ತಂದು ಸೀಮೆಸುಣ್ಣದ ಗುರುತಿನ ಮೇಲೆ ಹಿಡಿದರು. “ಎಲ್ಲರೂ ಬಂದು ನೋಡಿ” ಎಂದರು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಮೂರು. ಮೂರು. ಮೂರು. ಪೇಂಟಿನ ಅಂಗಡಿಯವನೊಬ್ಬ, “ಜಡ್ಜ್‌ನ ಒಂದನೇ ಕ್ಲಾಸಿಗೆ ಸೇರಿಸ್ಕೊಳ್ಳಿ ಮೇಷ್ಟ್ರೇ” ಎಂದು ಕೂಗಿದ. ಮೈದಾನವೇ ನಕ್ಕಿತು. ಯಾರೋ ಅವರ ಕೈ ಹಿಡಿದು, “ಇಲ್ಲಿದೆ ತಾತ, ಇಲ್ಲಿ” ಎಂದು ಹೆಬ್ಬೆರಳನ್ನು ಅಂಕಿಯ ಮೇಲೆ ಒತ್ತಿದರು. ಬಿಟ್ಟ ಕೂಡಲೇ ಬೆರಳು ಮತ್ತೆ ಬೇರೆಲ್ಲೋ ತಡಕಾಡಿತು. ಇನ್ನೂ ಜೋರು ನಗು. ಭಾವ ನನ್ನ ಕಡೆ ತಿರುಗಿದರು. ತಿಳಿದುಬಿಟ್ಟಿತ್ತು. ಆದರೆ ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಒಂದು ವರ್ಷದಿಂದ ಓದುತ್ತಿದ್ದವಳು ನಾನು ಎಂದೂ ಹೇಳಬೇಕಾಗುತ್ತಿತ್ತು.

ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ? ಆ ದಿನ ಮನೆಗೆ ನಡೆದು ಬಂದ ದಾರಿಯಷ್ಟು ಹಗುರವಾದ ದಾರಿಯನ್ನು ನಾನು ಮದುವೆಯ ವರ್ಷದಲ್ಲೂ ನಡೆದಿರಲಿಲ್ಲ.

ಎಂಟು ದಿನ ಕಳೆದು ಭಾವ ನಮ್ಮ ಮನೆಯ ಬಾಗಿಲಿಗೆ ಬಂದರು. ತಮ್ಮನನ್ನು ಕಳ್ಳ ಎಂದ ಮೇಲೆ ಅದೇ ಮೊದಲು. ಹೊಸ್ತಿಲು ದಾಟಲಿಲ್ಲ. ಗಡ್ಡ ಬೆಳೆದಿತ್ತು. ನನ್ನ ಗಂಡ ತಟ್ಟನೆ ಎದ್ದು ನಿಂತರು, ಹಳೆಯ ಅಭ್ಯಾಸ.

“ಜೆ ಅಂದ್ರೆ ಸೆಪ್ಟೆಂಬರ್ ಕಣೋ” ಎಂದರು ಭಾವ. “ನೀನು ಬದಲಾಯಿಸಿರಲಿಲ್ಲ. ನನಗೆ ಆವತ್ತೇ ಗೊತ್ತಾಗಿತ್ತು, ಇವಳು ತೋರಿಸಿದ ದಿನ. ನಾಳೆ ಸಂಘದ ಮೀಟಿಂಗ್ ಇದೆ. ಎಲ್ಲರ ಎದುರಿಗೆ ಹೇಳ್ತೀನಿ. ನನಗೆ ಇನ್ನೇನು ಕಳ್ಕೊಳ್ಳೋದಿದೆ?”

ನನ್ನ ಗಂಡ ಗೋಡೆಗೆ ಒರಗಿ ಹಾಗೇ ಕುಸಿದು ಕೂತು ಮಗುವಿನಂತೆ ಅತ್ತರು. ಅಣ್ಣ ಹೊರಗೆ ನಿಂತಿದ್ದರು, ತಮ್ಮ ಒಳಗೆ ಅಳುತ್ತಿದ್ದರು, ನಾನು ನಡುವೆ.

ಸಂಘದ ಬಾಗಿಲು ನನ್ನ ಗಂಡನಿಗೆ ಇರಲಿಲ್ಲವಾದ್ದರಿಂದ ಭಾವನ ಕೈ ಹಿಡಿದು ಕರೆದುಕೊಂಡು ಹೋದವಳು ನಾನು. ಅಧ್ಯಕ್ಷರು ಮೇಜಿನ ಹಿಂದೆ, ಗ್ಯಾರೇಜಿನವರೆಲ್ಲ ಬೆಂಚುಗಳ ಮೇಲೆ. ಭಾವ ಎದ್ದು ನಿಂತು ಎಲ್ಲ ಹೇಳಿದರು. ಐ ಬಿಟ್ಟದ್ದು, ಜೆ ಒಂಬತ್ತನೆಯದಾದದ್ದು, ಎಂ ಇದ್ದ ಬ್ಲಾಕು, ಗ್ರೈಂಡರು, ಯಾವುದನ್ನೂ ಮುಚ್ಚಿಡಲಿಲ್ಲ. “ನನ್ನ ತಮ್ಮ ಕಳ್ಳನಲ್ಲ. ತಪ್ಪು ಓದಿದವನು ನಾನು” ಎಂದರು.

ಹಿಂದಿನ ಬೆಂಚಿನಿಂದ ಯಾರೋ, “ಮೂರನ್ನ ಎಂಟು ಅಂದವರು, ಜೆನ ಏನು ಬೇಕಾದ್ರೂ ಅಂತಾರೆ ಬಿಡಿ” ಎಂದರು. ನಗು ಬೆಂಚಿನಿಂದ ಬೆಂಚಿಗೆ ದಾಟಿತು.

“ನೋಡಿ ತಾತ” ಎಂದರು ಅಧ್ಯಕ್ಷರು, ಮಕ್ಕಳಿಗೆ ಹೇಳುವ ದನಿಯಲ್ಲಿ. “ಆವತ್ತು ನಿಮ್ಮ ಬೆರಳು ಬೆರಳಾಗಿತ್ತು. ಆವತ್ತು ಹೇಳಿದ್ದೇ ಸರಿ. ಈಗ ವಯಸ್ಸಾಯ್ತು, ತಮ್ಮನ ಮೇಲೆ ಕರುಳು ಎಳೀತಿದೆ, ಎಲ್ಲರಿಗೂ ಅರ್ಥ ಆಗುತ್ತೆ. ಕೂತ್ಕೊಳ್ಳಿ.”

ನಾನು ಎದ್ದೆ. “ಮೂರನ್ನ ಎಂಟು ಅಂತ ಹೇಳಿಕೊಟ್ಟವಳು ನಾನು” ಎಂದೆ. “ಬೇಕಂತಲೇ ಹೇಳಿದೆ, ಸಿಟ್ಟಿಗೆ. ಅವರಿಗೆ ಬೆರಳು ಸತ್ತು ಒಂದು ವರ್ಷ ಆಯ್ತು, ಓದ್ತಾ ಇದ್ದವಳು ನಾನು. ಆದ್ರೆ ಜೆ ವಿಷಯ ನಿಜ. ದೇವರಾಣೆ ನಿಜ.”

ಅಧ್ಯಕ್ಷರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಒಬ್ಬರಿಗೆ ಬೆರಳಿಲ್ಲ, ಇನ್ನೊಬ್ಬರಿಗೆ ನಿಯತ್ತಿಲ್ಲ” ಎಂದರು. “ಒಂದು ವರ್ಷದಿಂದ ಇಬ್ಬರೂ ಸೇರಿ ಊರಿಗೆಲ್ಲ ಮೋಸ ಮಾಡಿದ್ದೀವಿ ಅಂತ ನೀವೇ ಹೇಳ್ತಿದೀರಿ. ಇದರಲ್ಲಿ ಯಾರ ಮಾತನ್ನ ನಂಬಬೇಕಮ್ಮ ನಾವು?” ಎಂದು ಕಾಗದ ತಿರುವಿ, “ಮುಂದಿನ ವಿಷಯ” ಎಂದರು. ಮುಂದಿನ ವಿಷಯ ಸಂಘದ ಶೌಚಾಲಯಕ್ಕೆ ಹೊಸ ಬಾಗಿಲು ಹಾಕಿಸುವುದಾಗಿತ್ತು.

ಹೊರಗೆ ಬಂದಾಗ ಭಾವ ನನ್ನ ಕೈ ಬಿಡಿಸಿಕೊಂಡು ಗೋಡೆ ಹಿಡಿದು ಅಂಗಡಿಯ ಕಡೆ ಹೋದರು. ಅವರ ಮಾತಿಗೆ ಬೆಲೆ ಇದ್ದಾಗ ಅವರು ಬಾಯಿ ಬಿಡಲಿಲ್ಲ. ಬಾಯಿ ಬಿಡುವ ಹೊತ್ತಿಗೆ ಆ ಬೆಲೆಯನ್ನು ನಾನೇ ಕಳೆದಿದ್ದೆ. ನನ್ನ ಗಂಡನನ್ನು ಬಿಡಿಸಬಹುದಾಗಿದ್ದ ಬಾಯಿ ಈ ಲೋಕದಲ್ಲಿ ಅದೊಂದೇ ಇತ್ತು.

ಮನೆಯಲ್ಲಿ ಅವರು ಯಾರ್ಡಿನಿಂದ ಬೇಗ ಬಂದು ಕಾಯುತ್ತಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು. ಕೇಳಿಸುವ ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ನಿಂತರು.

“ಅಣ್ಣ ಹೇಳಿದ್ನಾ?”

“ಹೇಳಿದ್ರು.”

“ಎಲ್ಲ ಇದ್ರಾ?”

“ಎಲ್ಲ ಇದ್ರು, ರೀ.”

“ಏನಂದ್ರು?”

“ಕೇಳಿಸ್ಕೊಂಡ್ರು” ಎಂದೆ.

ಅವರು ತಲೆಯಾಡಿಸಿದರು. ಎರಡು ಮೂರು ಸಲ ಆಡಿಸಿದರು. ಬಚ್ಚಲಿಗೆ ಹೋಗಿ ಉಗುರಿನ ಸಂದಿಯ ಕಪ್ಪೆಲ್ಲ ಹೋಗುವ ಹಾಗೆ ಕೈ ತೊಳೆದುಕೊಂಡು ಬಂದು, ಪೆಟ್ಟಿಗೆಯಿಂದ ಒಗೆದ ಅಂಗಿ ತೆಗೆದು ಹಾಕಿಕೊಂಡರು. “ಒಂಚೂರು ಟೀ ಕುಡಿದು ಬರ್ತೀನಿ” ಎಂದರು, ನಾಚಿಕೊಂಡ ಹಾಗೆ.

ಬೀದಿಯ ತಿರುವಿಗೆ ಮುಟ್ಟುವವರೆಗೂ ಬಾಗಿಲಲ್ಲಿ ನಿಂತು ನೋಡಿದೆ. ಕೂಗಿ ಕರೆಯಬಹುದಿತ್ತು, ಕರೆದರೆ ನಿಲ್ಲುತ್ತಿದ್ದರು. ನಿಂತರೆ ನಾನು ಹೇಳ­ಬೇಕಾಗುತ್ತಿತ್ತು. ಮೀಟಿಂಗ್ ಮುಗಿಸಿ ಸಂಘದವರೆಲ್ಲ ಆ ಹೊತ್ತಿಗೆ ಅದೇ ಟೀ ಅಂಗಡಿಯಲ್ಲಿ ಕೂತಿರುತ್ತಾರೆ ಎಂದು ನನಗೆ ಗೊತ್ತಿತ್ತು.